ಮುಕ್ತಾಳ ಗಾಡಿ, ಅಳಿಯಂದಿರ ವಿಮೆ

ಮರ ಬಿದ್ದದ್ದು ಮುಕ್ತಾಳ ಗಾಡಿಯ ಮೇಲೆ. ಐರೋಲಿಯ ಆ ಸೊಸೈಟಿಯಲ್ಲಿ ಯಾರಿಗೂ ಅದರಲ್ಲಿ ಅನುಮಾನವಿರಲಿಲ್ಲ. ವಾಚ್‌ಮನ್ ಇಂಟರ್‌ಕಾಮಿನಲ್ಲಿ ಕರೆದದ್ದೂ ಅವಳನ್ನೇ. "ಮ್ಯಾಡಮ್, ನೀಚೆ ಆಯಿಯೇ, ಆಪ್ ಕೀ ಗಾಡಿ ಪೆ ಝಾಡ್ ಗಿರಾ" ಎಂದ. ಜೂನಿನ ಮೊದಲ ಗಾಳಿಮಳೆಗೆ ಕಂಪೌಂಡಿನ ಗುಲ್‌ಮೊಹರ್ ಬುಡಸಮೇತ ಮಗುಚಿಕೊಂಡಿತ್ತು. ನೈಟಿಯ ಮೇಲೆ ಟವೆಲ್ ಹೊದ್ದು ಕೆಳಗೆ ಓಡಿದವಳಿಗೆ ಕಂಡದ್ದು ಮಾಡು ತಗ್ಗಿಹೋದ ತನ್ನ ಬಿಳಿ ಕಾರು, ಪುಡಿಯಾದ ಗಾಜು, ಹಿಂದಿನ ಸೀಟಿನಲ್ಲಿ ಮಗಳು ಕೂರುವ ಜಾಗದಲ್ಲಿ ರಾಶಿ ಬಿದ್ದ ಕೆಂಪು ಹೂವು.

ಮಗಳು ವಿಶ್ರುತ ಮೇಲೆ ಮನೆಯಲ್ಲಿ ಅಪ್ಪನ ತೊಡೆಯಲ್ಲಿ ಕೂತು ದೋಸೆ ತಿನ್ನುತ್ತಿದ್ದಾಳೆ ಎಂದು ಗೊತ್ತಿತ್ತು. ಆದರೂ ಮುಕ್ತಾ ಒಮ್ಮೆ ಬಗ್ಗಿ ಆ ಸೀಟಿನ ಮೇಲೆ ಕೈಯಾಡಿಸಿ ನೋಡಿದ ಮೇಲೆಯೇ ಅವಳ ಉಸಿರು ಸರಿಯಾದದ್ದು. ಆಮೇಲೆ ಮುಲುಂಡಿನ ಅಜ್ಜ ನೆನಪಾದರು. ಪಾರ್ಶ್ವವಾಯು ಹೊಡೆದು ಮಲಗಿದ್ದವರನ್ನು ಇವತ್ತು ಮೊದಲ ಸಲ ಗೋಡೆ ಹಿಡಿಸಿ ನಿಲ್ಲಿಸುವುದೆಂದು ಮಾತಾಗಿತ್ತು. ಮುಕ್ತಾ ಫಿಸಿಯೋಥೆರಪಿಸ್ಟ್. ಹಾಸಿಗೆ ಬಿಟ್ಟು ಏಳಲಾಗದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಮಸಾಜಿನ ಟೇಬಲ್ಲು, ಯಂತ್ರ, ದಿಂಬು ಎಲ್ಲ ಆ ಗಾಡಿಯ ಡಿಕ್ಕಿಯಲ್ಲೇ. ಅದು ನಿಂತರೆ ಅವಳೂ ನಿಂತ ಹಾಗೆ.

"ಹೋಗಲಿ, ಇನ್ಶೂರೆನ್ಸ್ ಉಂಟಲ್ಲ" ಎಂದು ಅವಳೇ ಗಂಡನಿಗೆ ಧೈರ್ಯ ಹೇಳಿದಳು. ಗಂಡ ಪುಂಡರೀಕಾಕ್ಷ "ಹೌದು, ಉಂಟು" ಎಂದ. ಹೇಳುವಾಗ ಅವನ ಮುಖದಲ್ಲಿ ಎಂತದೂ ಇರಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಪಾಪ. ಈ ಪಾಪವೇ ಮುಂದೆ ಮುಕ್ತಾಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು.

ತುರ್ಭೆಯ ಗ್ಯಾರೇಜಿಗೆ ಕ್ರೇನಿನಲ್ಲಿ ಗಾಡಿ ಹೋಯಿತು. ವಿಮೆ ಕಂಪನಿಯ ಸರ್ವೇಯರ್ ಬಂದ. ಮಾಡನ್ನು ತಟ್ಟಿ ನೋಡಿದ, ಫೋಟೋ ತೆಗೆದ, ಆರ್‌ಸಿ ಕೇಳಿದ. ನೋಡಿ ಹುಬ್ಬು ಗಂಟಿಕ್ಕಿದ.

"ಗಾಡಿ ಕೋಣಾಚ್ಯಾ ನಾವಾವರ ಆಹೇ?"

ಯಾರ ಹೆಸರಲ್ಲಿದೆ ಎಂದು ಕೇಳುವುದೇನು, ಕೈಯಲ್ಲೇ ಇದೆಯಲ್ಲ. "ನನ್ನ ಹೆಸರಲ್ಲಿ" ಎಂದಳು ಮುಕ್ತಾ.

"ಪಾಲಿಸಿ ಪುಂಡರೀಕಾಕ್ಷ ಅನ್ನುವವರ ಹೆಸರಲ್ಲಿದೆ. ಗಾಡಿ ಒಬ್ಬರದ್ದು, ವಿಮೆ ಇನ್ನೊಬ್ಬರದ್ದು. ಕ್ಲೇಮ್ ಆಗುವುದಿಲ್ಲ, ನಾಹೀ ಹೋಣಾರ್, ಮ್ಯಾಡಮ್."

ಪುಂಡರೀಕಾಕ್ಷನಿಗೆ ಡ್ರೈವಿಂಗ್ ಬರುವುದಿಲ್ಲ. ಲೈಸೆನ್ಸ್ ಕೂಡ ಇಲ್ಲ. ಊರಲ್ಲಿ ಒಮ್ಮೆ ಕಲಿಯಲು ಹೋಗಿದ್ದ. ದನವೊಂದು ಅಡ್ಡ ಬಂತು. ದನಕ್ಕೆ ಏನೂ ಆಗಲಿಲ್ಲ, ಇವನು ಮಾತ್ರ ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಹಾಗೆ ನೋಡಿದರೆ ಆ ಗಾಡಿ ಅವನಿಗಿಂತ ಮೊದಲೇ ಮುಕ್ತಾಳ ಬದುಕಿಗೆ ಬಂದದ್ದು. ಕಾಪುವಿನ ಸಹಕಾರಿ ಸಂಘದ ಗುಮಾಸ್ತರ ಮಗಳು ಅವಳು. ಓದು ಮುಗಿಸಿ, ಕಾರ್ಕಳ ಹೆಬ್ರಿ ಕಡೆಯ ಮನೆಗಳಿಗೆ ಬಸ್ಸು ಹತ್ತಿ ಇಳಿದು, ಕಡೆಯ ಬಸ್ಸು ತಪ್ಪಿದಾಗ ರೋಗಿಯ ಮನೆಯಲ್ಲೇ ಉಳಿದು ದುಡಿದಳು. ಬೆನ್ನು ನೋವಿನವರ ಬೆನ್ನು ಸರಿಮಾಡುತ್ತ ತನ್ನ ಬೆನ್ನು ಕೆಡಿಸಿಕೊಂಡು, ಕೊನೆಗೊಂದು ದಿನ ಶೋರೂಮಿಗೆ ಹೋಗಿ ಕೊಂಡ ಗಾಡಿ. ಅಪ್ಪ ಗಾಡಿಗೆ ಕುಂಕುಮ ಹಚ್ಚಿ, "ನಿಧಾನ ಬಿಡು" ಎಂದರು. ಅವಳು ನಿಧಾನವೇ ಬಿಟ್ಟಳು. ಇಷ್ಟು ವರ್ಷದಲ್ಲಿ ಒಂದು ಗೀರು ಇಲ್ಲ, ಒಂದು ಕ್ಲೇಮ್ ಇಲ್ಲ.

ಗಂಡನ ಮನೆಯವರದ್ದು ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲು. ತುರ್ಭೆಯ ಕಾರ್ಖಾನೆಗಳ ನಡುವೆ ಅವರು ಹೊಸ ಶಾಖೆ ತೆರೆದಾಗ, ಅದನ್ನು ನೋಡಿಕೊಳ್ಳಲು ಉಡುಪಿಯಲ್ಲಿದ್ದ ಪುಂಡರೀಕಾಕ್ಷನಿಗೆ ಕರೆ ಬಂತು. ಸಾಮಾನು ಲಾರಿಯಲ್ಲಿ ಹೋಯಿತು. ಗಾಡಿಯನ್ನು ಘಟ್ಟ ಹತ್ತಿಸಿ ಇಳಿಸಿ ಮುಕ್ತಾಳೇ ಬಿಟ್ಟುಕೊಂಡು ಬಂದಳು. ಪಕ್ಕದಲ್ಲಿ ಗಂಡ, ಗಂಡನ ಮಡಿಲಲ್ಲಿ ಮೊಬೈಲಿನ ಮ್ಯಾಪು. ಅವನು ಎಡ ಎಂದಲ್ಲಿ ಹೆಚ್ಚಾಗಿ ಬಲವಿರುತ್ತಿತ್ತು.

ಗಾಡಿಯ ರಾಜ್ಯ ಬದಲಿಸುವುದೆಂದರೆ ಸಣ್ಣ ಕೆಲಸವಲ್ಲ. ಉಡುಪಿ ಆರ್‌ಟಿಓದಿಂದ ಎನ್‌ಓಸಿ ತರಬೇಕು, ವಾಶಿಯಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮುಕ್ತಾ ಎಲ್ಲವನ್ನೂ ಮಾಡಿ ಹೊಸ ನಂಬರ್ ಪ್ಲೇಟ್ ಹಾಕಿಸಿದಳು. ಉಳಿದದ್ದು ವಿಮೆ. ಕಂಪನಿಗೆ ಹೊಸ ನಂಬರು, ಹೊಸ ವಿಳಾಸ ತಿಳಿಸಿದರಾಯಿತು, ತಾನೇ ಫೋನ್ ಮಾಡುತ್ತೇನೆ ಎಂದು ಹೊರಟವಳನ್ನು ಗಂಡನ ಅಣ್ಣ ತಡೆದರು. ಅವಳು ಅವರನ್ನು ಭಾವ ಎಂದು ಕರೆಯುತ್ತಾಳೆ.

"ಅದೆಲ್ಲ ನೀನ್ಯಾಕೆ ತಲೆಗೆ ಹಾಕಿಕೊಳ್ತಿ? ನಮ್ಮ ಮನೆಯದ್ದೆಲ್ಲ ಮುರಾರಿ ರಾಯರೇ ನೋಡುವುದು."

ಮುರಾರಿ ರಾಯರೆಂದರೆ ಡೊಂಬಿವಲಿ ಕಲ್ಯಾಣದ ಉಡುಪಿ ಹೋಟೆಲಿನವರಿಗೆಲ್ಲ ವಿಮೆಯ ಮನುಷ್ಯ. ಜೀವಕ್ಕೂ ಅವರೇ, ಅಂಗಡಿಗೂ ಅವರೇ, ಗಾಡಿಗೂ ಅವರೇ. ಅವರ ಆಫೀಸು ಎಂದರೆ ಸ್ಕೂಟರಿನ ಡಿಕ್ಕಿ. ಬೆಳಿಗ್ಗೆ ಒಂದೊಂದು ಹೋಟೆಲಿಗೆ ಹೋಗಿ ಗಲ್ಲಾದ ಪಕ್ಕ ನಿಂತು ಕಾಫಿ ಕುಡಿಯುತ್ತ ಕೆಲಸ ಮುಗಿಸುತ್ತಾರೆ. ಕಾಗದ ಕೊಡುವುದೂ ಗಲ್ಲಾದಲ್ಲಿ, ಪಾಲಿಸಿ ಬರುವುದೂ ಗಲ್ಲಾಕ್ಕೆ. ಮನೆಯ ಹೆಂಗಸರ ಕೈಗೆ ಒಂದೂ ಹೋಗುವುದಿಲ್ಲ. ಹಳೆಯ ಪಾಲಿಸಿಯ ಅವಧಿ ಹೇಗೂ ಮುಗಿಯುತ್ತಿತ್ತು. "ಇಲ್ಲಿಯದ್ದೇ ಹೊಸತು ಮಾಡಿಬಿಡ್ತೇನೆ" ಎಂದ ರಾಯರು ಪುಂಡರೀಕಾಕ್ಷನ ಆಧಾರ್ ಕೇಳಿದರು. ಅವನು ಕಳಿಸಿದ. ಯಾಕೆ ಎಂದು ಕೇಳಲಿಲ್ಲ.

ಸರ್ವೇಯರ್ ಹೋದ ಮೇಲೆ ಗ್ಯಾರೇಜಿನ ಶೆಡ್ಡಿನಲ್ಲೇ ನಿಂತು ಮುಕ್ತಾ ರಾಯರಿಗೆ ಫೋನ್ ಮಾಡಿದಳು.

"ಹ್ಞಾಂ, ಹೇಳಿ ಅಕ್ಕ. ಪುಂಡರೀಕ ಇಲ್ವಾ?"

"ನಾನು ಮಾತಾಡ್ತಾ ಇದ್ದೇನಲ್ಲ ರಾಯರೇ. ನನ್ನ ಗಾಡಿಯ ಇನ್ಶೂರೆನ್ಸ್ ಅವರ ಹೆಸರಿಗೆ ಯಾಕೆ ಮಾಡಿದ್ರಿ?"

"ಓ, ಅದಾ. ಎಲ್ಲ ಸರಿಮಾಡುವ. ಪಾರ್ಕ್ ಮಾಡಿದ ಗಾಡಿಯಲ್ವಾ, ಲೈಸೆನ್ಸ್ ಕೂಡ ಕೇಳುವುದಿಲ್ಲ. ಬಚಾವ್. ಆದಿತ್ಯವಾರ ಮನೆಗೆ ಬರ್ತೇನೆ, ನೀವೂ ಡೊಂಬಿವಲಿಗೆ ಬನ್ನಿ. ಪುಂಡರೀಕನಿಗೆ ಹೇಳಿ, ಟೆನ್ಶನ್ ಮಾಡಬೇಡ ಅಂತ."

ಟೆನ್ಶನ್ ಮಾಡುತ್ತಿದ್ದವಳು ಇವಳು. ಸಮಾಧಾನದ ಮಾತು ಮಾತ್ರ ಅವನಿಗೆ.

ಭಾನುವಾರದ ತನಕ ಮುಕ್ತಾ ರಿಕ್ಷಾದಲ್ಲಿ ಓಡಾಡಿದಳು. ಮಸಾಜಿನ ಟೇಬಲ್ಲನ್ನು ರಿಕ್ಷಾಕ್ಕೆ ತುರುಕಿದರೆ ಅವಳಿಗೆ ಜಾಗವಿಲ್ಲ, ಅವಳು ಕೂತರೆ ಟೇಬಲ್ಲಿಗಿಲ್ಲ. ಸಮುದ್ರದ ಖಾಡಿಯ ಸೇತುವೆ ದಾಟಿ ಮುಲುಂಡಿಗೆ ಹೋಗುವಷ್ಟರಲ್ಲಿ ಅರ್ಧ ಜೀವ ಹೋಗುತ್ತಿತ್ತು. ಕೆಳಗಿನ ಮನೆಯ ಹೆಂಗಸು ಕೂಡ, "ಅವರದ್ದಾದರೇನು, ನಿಮ್ಮದಾದರೇನು, ಗಂಡ ಹೆಂಡತಿ ತಾನೇ" ಎಂದು ನಕ್ಕಳು. ಮುಕ್ತಾಳಿಗೆ ನಗು ಬರಲಿಲ್ಲ. ಹಾಗಾದರೆ ಅವಳದ್ದೆಂದೇ ಇರಲಿ ಎಂದು ಒಬ್ಬರಾದರೂ ಯಾಕೆ ಹೇಳುವುದಿಲ್ಲ? ಎರಡೂ ಒಂದೇ ಎನ್ನುವವರೆಲ್ಲ ಗಂಡನ ಹೆಸರನ್ನೇ ಯಾಕೆ ಆರಿಸುತ್ತಾರೆ?

ಡೊಂಬಿವಲಿಯ ಮನೆಯ ಹಾಲಿನಲ್ಲಿ ರಾಯರು ಮೊದಲೇ ಬಂದು ಕೂತಿದ್ದರು. ಅತ್ತೆ ಸತ್ಯಭಾಮಾ ಅಡುಗೆಮನೆಯಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಹರಡಿಕೊಂಡು ಹಿಟ್ಟು ಹಚ್ಚುತ್ತಿದ್ದರು. ರಾಯರು ಟೀಪಾಯಿಯ ಮೇಲೆ ಒಂದು ಬರೆದ ಪತ್ರವಿಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಒಂದು ಸಹಿ, ಅಷ್ಟೆ. ಪಾಲಿಸಿ ಮಾಡಿದ ಜನವರಿಯಲ್ಲೇ ನೀವು ಯಜಮಾನರಿಗೆ ಗಾಡಿ ಮಾರಿದ್ದು ಅಂತ. ತಾರೀಕು ನಾನು ಹಾಕಿಕೊಳ್ತೇನೆ. ಆರ್‌ಸಿ ಅವರ ಹೆಸರಿಗೆ ಮಾಡಿಸುವ, ಕಂಪನಿಯಲ್ಲಿ ನಮ್ಮವರೊಬ್ಬರಿದ್ದಾರೆ, ಕ್ಲೇಮ್ ಪಾಸ್ ಮಾಡಿಸ್ತೇನೆ."

"ಮಾರಿದ್ದಾ? ನಾನಾ?"

ಭಾವ ಮಧ್ಯೆ ಬಂದರು. "ಮಾರುವುದು ಅಂದ್ರೆ ಕಾಗದದಲ್ಲಿ ಮಾತ್ರ ಮುಕ್ತಾ. ಗಾಡಿ ಎಲ್ಲಿಗೆ ಹೋಗ್ತದೆ? ನಿಮ್ಮ ಬಿಲ್ಡಿಂಗಿನ ಕೆಳಗೇ ಇರ್ತದೆ. ಬಿಡುವುದೂ ನೀನೇ."

"ಕಾಗದದಲ್ಲಿ ಮಾತ್ರ ಅಲ್ವಾ ಭಾವ? ಹಾಗಾದ್ರೆ ಹೋಟೆಲನ್ನೂ ಕಾಗದದಲ್ಲಿ ಮಾತ್ರ ನಿಶಕ್ಕನ ಹೆಸರಿಗೆ ಬರೆದುಬಿಡಿ. ಹೋಟೆಲ್ ಎಲ್ಲಿಗೆ ಹೋಗ್ತದೆ? ಸ್ಟೇಷನ್ನಿನ ಪಕ್ಕದಲ್ಲೇ ಇರ್ತದೆ. ಗಲ್ಲಾದಲ್ಲಿ ಕೂರುವುದೂ ನೀವೇ."

ಅಡುಗೆಮನೆಯ ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದ ಭಾವನ ಹೆಂಡತಿ ನಿಶಾಳಿಗೆ ಕೆಮ್ಮು ಬಂತು. ಭಾವ ಅತ್ತ ತಿರುಗಿ ನೋಡಿದ್ದರಿಂದ ಕೆಮ್ಮು ಇನ್ನಷ್ಟು ಜೋರಾಯಿತು. ಪುಂಡರೀಕಾಕ್ಷ ನೆಲ ನೋಡುತ್ತಿದ್ದ. ಮಗಳು ಅವನ ಬೆರಳುಗಳನ್ನು ಮಡಚಿ ಬಿಡಿಸಿ ಆಡುತ್ತಿದ್ದಳು.

"ಬೇಜಾರು ಮಾಡಬೇಡಿ ಅಕ್ಕ" ಎಂದರು ರಾಯರು. ದನಿಯಲ್ಲಿ ಸಣ್ಣ ಮಗುವಿಗೆ ಔಷಧ ಕುಡಿಸುವವರ ನಯ. "ನಮ್ಮವರಲ್ಲಿ ಗಾಡಿ ಬರುವುದೇ ಹಾಗೆ. ಮದುವೆಗೆ ಹುಡುಗಿ ಕಡೆಯವರು ಕೊಡ್ತಾರೆ. ನಾಳೆ ವರದಕ್ಷಿಣೆ ಅಂತ ಯಾರೂ ಬಾಯಿ ಹಾಕಬಾರದು ಅಂತ ಹುಡುಗಿ ಹೆಸರಲ್ಲೇ ಇಡ್ತಾರೆ. ಊರು ಬಿಟ್ಟು ಇಲ್ಲಿಗೆ ಬಂದಾಗ ನಂಬರ್ ಹೇಗೂ ಬದಲಾಗ್ತದಲ್ಲ, ಆಗ ಅಳಿಯಂದಿರ ಹೆಸರಿಗೆ ಮಾಡಿಸ್ತೇವೆ. ಕಲ್ಯಾಣದಲ್ಲಿ, ಇಲ್ಲಿ, ಎಷ್ಟು ಗಾಡಿಗೆ ನಾನೇ ಮಾಡಿದ್ದೇನೆ. ಎಲ್ಲರೂ ಖುಷಿಯಲ್ಲಿ ಕಾಫಿ ಕೊಟ್ಟಿದ್ದಾರೆ. ನಿಮ್ಮದೂ ತವರಿನಿಂದ ಬಂದ ಗಾಡಿಯಲ್ವಾ, ಆರ್‌ಸಿ ಒಂದು ಬಾಕಿ ಉಂಟು, ಆಮೇಲೆ ಆಗ್ತದೆ ಅಂತ ನಾನು ಪಾಲಿಸಿ ಮೊದಲು ಮಾಡಿದ್ದು."

ಮುಕ್ತಾಳ ಕಿವಿ ಬಿಸಿಯಾಯಿತು. ಈ ಮನುಷ್ಯ ಅವಳನ್ನು ಒಂದು ಮಾತು ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ ಅವರಿಗೆ. ಹೆಂಗಸಿನ ಹೆಸರಿನ ಗಾಡಿ ಕಂಡಕೂಡಲೇ ಅದರ ಹಿಂದೊಬ್ಬ ಅಪ್ಪ, ಮುಂದೊಬ್ಬ ಗಂಡ. ನಡುವೆ ಅವಳೆಂದರೆ ಗಾಡಿ ದಾಟಿಹೋಗುವ ಟೋಲ್ ನಾಕೆ.

"ರಾಯರೇ, ನನ್ನ ಅಪ್ಪ ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೆ ಗಾಡಿ ಕೊಂಡವರಲ್ಲ. ಇದು ನನ್ನ ಸಂಪಾದನೆಯದ್ದು. ಮದುವೆಗೆ ಮೊದಲೇ ಕೊಂಡದ್ದು. ಕೇಳಿದ್ರೆ ಹೇಳ್ತಿದ್ದೆ."

"ಇರಬಹುದು ಅಕ್ಕ, ಇರಬಹುದು. ಈಗ ಕ್ಲೇಮ್ ಬೇಕಾ ಬೇಡ್ವಾ ಹೇಳಿ."

ಬೇಕು. ಅದೇ ಕಷ್ಟ. ಮಾಡು, ಗಾಜು, ಒಳಗಿನ ವಯರು, ಎಲ್ಲ ಹೊಸತಾಗಬೇಕು. ಸಹಿ ಹಾಕಿದರೆ ಕಂಪನಿ ಕೊಡುತ್ತದಂತೆ. ಹಾಕದಿದ್ದರೆ ತಾನೇ ಸಾಲ ಮಾಡಬೇಕು. ಲೆಕ್ಕ ಹಾಕಲು ಬರುವ ಹೆಂಗಸು ಮುಕ್ತಾ. ಆ ಗಳಿಗೆಯಲ್ಲಿ ಪೆನ್ನಿನ ಕಡೆ ಅವಳ ಕಣ್ಣು ಹೋದದ್ದೂ ಹೌದು.

ಆಗ ಅತ್ತೆ ಹೊರಗೆ ಬಂದರು. ಎರಡೂ ಕೈ ಮಣಿಗಂಟಿನ ತನಕ ಹಿಟ್ಟು.

"ರಾಯರೇ, ಇನ್ನೊಮ್ಮೆ ಹೇಳಿ. ಗಾಡಿ ಎಲ್ಲಿಂದ ಬಂತು ಅಂದ್ರಿ?"

"ಅಲ್ಲ ಸತ್ಯಭಾಮಕ್ಕ, ತವರಿನಿಂದ ಅಂತ ನಾನು..."

"ಅಂದ್ರೆ ನಾವು ಮಗನಿಗೆ ಕಾರು ತಗೊಂಡು ಸೊಸೆ ತಂದವರು."

"ಅಮ್ಮಾ, ನೀವು ಒಳಗೆ..." ಎಂದು ಭಾವ ಎದ್ದರು.

"ನೀನು ಕೂತುಕೋ. ರಾಯರೇ, ಹುಡುಗಿ ಕಡೆಯವರು ಕೊಟ್ಟ ವಾಚನ್ನು ಕೂಡ ನಮ್ಮ ಯಜಮಾನರು ಪುಂಡರೀಕನ ಕೈಗೆ ಕಟ್ಟಲಿಕ್ಕೆ ಬಿಡಲಿಲ್ಲ. ಮಂಟಪದಲ್ಲೇ ವಾಪಸ್ ಕೊಟ್ಟರು. ನೀವು ಆವತ್ತು ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದಿದ್ರಿ, ಮರೆತುಹೋಯ್ತಾ? ಈ ಮಾತು ಇನ್ನು ಯಾರ್ಯಾರ ಹತ್ರ ಆಡಿದ್ದೀರಿ?"

ರಾಯರು ಫ್ಯಾನು ನೋಡಿದರು. ಯಾರ್ಯಾರ ಹತ್ತಿರ ಎನ್ನುವುದು ಎಲ್ಲರಿಗೂ ತಿಳಿಯಿತು. ಕಲ್ಯಾಣದವರೆಗಿನ ಗಲ್ಲಾಗಳಿಗೆಲ್ಲ ಆ ಸುದ್ದಿ ಕಾಫಿಯ ಜೊತೆ ಹೋಗಿದೆ. ಅತ್ತೆ ಹಿಟ್ಟಿನ ಕೈಯಲ್ಲೇ ಪತ್ರ ಎತ್ತಿ, ನಾಲ್ಕಾಗಿ ಮಡಚಿ ರಾಯರ ಬ್ಯಾಗಿನ ಮೇಲಿಟ್ಟರು.

"ಈ ಮನೆಯಲ್ಲಿ ಯಾರೂ ಆ ಗಾಡಿ ತಮ್ಮದು ಅಂತ ಬರೆಯುವುದಿಲ್ಲ."

ಭಾವ ಮತ್ತೆ ಕೂತರು. ರಾಯರು ಎದ್ದು ಅತ್ತೆಗೆ ಕೈಮುಗಿದು, ತಿಳಿಯದೆ ಆಯಿತು ಎಂದರು. ಭಾವನಿಗೂ ಕೈಮುಗಿದರು. ಪುಂಡರೀಕಾಕ್ಷನ ಹೆಗಲು ತಟ್ಟಿ, "ತಪ್ಪು ತಿಳಿಯಬೇಡ ಮಾರಾಯ" ಎಂದರು. ಚಪ್ಪಲಿ ಮೆಟ್ಟಿ ಹೊರಟೇಹೋದರು. ಮುಕ್ತಾಳ ಮುಂದಿನಿಂದಲೇ ಹಾದು ಹೋದರು, ಒಂದು ಮಾತಿಲ್ಲ.

ಅವಳು ಗೆದ್ದಿದ್ದಳು, ಸಿಟ್ಟು ಮಾತ್ರ ಆರಲಿಲ್ಲ. ತಾನು ಹೇಳಿದಾಗ ಯಾರಿಗೂ ಕೇಳಿಸದ ಮಾತು, ಮನೆತನದ ಮರ್ಯಾದೆಯ ಪ್ರಶ್ನೆಯಾದಾಗ ಎಲ್ಲರಿಗೂ ಕೇಳಿಸಿತು. ಅತ್ತೆಯ ಮೇಲೆ ಸಿಟ್ಟಲ್ಲ, ಆ ಹೆಂಗಸು ತನಗೆ ತಿಳಿದ ದಾರಿಯಲ್ಲಿ ನ್ಯಾಯ ಹೇಳಿದ್ದರು. ಆದರೆ ಗಾಡಿ ಉಳಿದದ್ದು ಅದು ಮುಕ್ತಾಳದ್ದು ಎಂದಲ್ಲ, ಅವರು ತೆಗೆದುಕೊಂಡವರಲ್ಲ ಎಂದು.

ಊಟಕ್ಕೆ ಕೂತಾಗ ಭಾವ, "ರಿಪೇರಿಯದ್ದು ಹೋಟೆಲಿನಿಂದ ಕೊಡುವ" ಎಂದರು. ದೊಡ್ಡ ಮನಸ್ಸೇ.

"ಬೇಡ ಭಾವ. ನಾಳೆ ಹೋಟೆಲಿನವರು ಮಾಡಿಸಿಕೊಟ್ಟ ಗಾಡಿ ಅಂತಾಗ್ತದೆ. ನಾನೇ ನೋಡಿಕೊಳ್ತೇನೆ."

ವಾಪಸ್ ಬರುವಾಗ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ಐರೋಲಿಯ ಟ್ರೇನಿಗೆ ಕಾದು ಕೂತರು. ಮಗಳು ಅಪ್ಪನ ಹೆಗಲ ಮೇಲೆ ನಿದ್ದೆಹೋಗಿದ್ದಳು.

"ಆಧಾರ್ ಯಾಕೆ ಅಂತ ಕೇಳಬೇಕಿತ್ತು ನಾನು" ಎಂದ ಪುಂಡರೀಕಾಕ್ಷ.

"ಕೇಳಬೇಕಿತ್ತು."

"ಅಣ್ಣ ಹೇಳಿದ, ರಾಯರು ಕೇಳಿದ್ರು, ಕಳಿಸಿದೆ. ಯೋಚನೆಯೇ ಮಾಡಲಿಲ್ಲ."

"ಯೋಚನೆ ಮಾಡದೆ ಇರಲಿಕ್ಕೆ ನಿಮಗೆ ಆಗ್ತದೆ. ನಿಮ್ಮ ಹೆಸರು ತನ್ನಷ್ಟಕ್ಕೆ ಎಲ್ಲ ಕಡೆ ಹೋಗಿ ಕೂತುಕೊಳ್ತದೆ. ನನ್ನ ಹೆಸರನ್ನು ನಾನು ಹೋದಲ್ಲೆಲ್ಲ ಕೈಹಿಡಿದು ಕೂರಿಸಬೇಕು. ಒಂದು ಕ್ಷಣ ಕೈಬಿಟ್ಟರೆ ಯಾರೋ ಎಬ್ಬಿಸಿಬಿಡ್ತಾರೆ. ಇವತ್ತು ಅಲ್ಲಿ ನೀವು ಬಾಯಿ ತೆರೆಯಬಹುದಿತ್ತು. ಗಾಡಿ ಅವಳದ್ದು ಅಂತ. ಎರಡೇ ಶಬ್ದ. ಅಮ್ಮನೇ ಬರಬೇಕಾಯ್ತು."

ಟ್ರೇನು ಬಂತು, ಹತ್ತಿದರು. ರಬಾಳೆಗೆ ಹೋಗುವ ಕಾರ್ಖಾನೆಯವರ ನಡುವೆ ನೂಕಿಸಿಕೊಂಡು ನಿಂತಿದ್ದಾಗ, ಮಗುವಿನ ತಲೆಯ ಮೇಲಿನಿಂದ ಅವನು ಹೇಳಿದ. "ಇನ್ಶೂರೆನ್ಸ್ ಕಂಪನಿಯ ಆಫೀಸಿಗೆ ಹೋಗುವಾಗ ನಾನೂ ಬರ್ತೇನೆ. ಅಲ್ಲಿ ಹೇಳ್ತೇನೆ."

ಠಾಣೆ ಪೇಟೆಯ ಆ ವಿಮೆ ಆಫೀಸಿನಲ್ಲಿ ಕನ್ನಡಕದ ಒಬ್ಬ ಅಧಿಕಾರಿ ಕೂತಿದ್ದಳು, ಮರಾಠಿಯ ಹೆಂಗಸು. ಇಬ್ಬರೂ ಎದುರು ಕೂತಾಗ ಅವಳೂ ತಿರುಗಿದ್ದು ಪುಂಡರೀಕಾಕ್ಷನ ಕಡೆಗೇ.

"ಸರ್, ಗಾಡಿ ನಂಬರ್?"

ಅವನಿಗೆ ಗೊತ್ತಿರಲಿಲ್ಲ. ಹೆಂಡತಿಯ ಮುಖ ನೋಡಿದ. ಮುಕ್ತಾ ಹೇಳಿಕೊಡಲಿಲ್ಲ. ಅಧಿಕಾರಿ ಕಾದಳು. ಅವನ ಕುತ್ತಿಗೆ ಕೆಂಪಾಯಿತು. ಆಮೇಲೆ ತನ್ನ ಹೋಟೆಲಿನ ಮರಾಠಿಯಲ್ಲಿ, ಪಕ್ಕದ ಟೇಬಲ್ಲಿಗೂ ಕೇಳುವ ಹಾಗೆ, "ಗಾಡಿ ಮಾಝೀ ನಾಹೀ. ಹಿಚೀ ಆಹೇ. ಮಲಾ ಚಾಲವತಾಚ್ ಯೇತ್ ನಾಹೀ" ಎಂದ. ನನ್ನದಲ್ಲ, ಇವಳದ್ದು, ನನಗೆ ಬಿಡಲಿಕ್ಕೇ ಬರುವುದಿಲ್ಲ.

ಅಧಿಕಾರಿ ಕನ್ನಡಕ ಮೇಲೆತ್ತಿ ಅವನನ್ನೊಮ್ಮೆ ನೋಡಿದಳು. ನಗು ತಡೆದುಕೊಂಡು ಕುರ್ಚಿಯನ್ನು ಮುಕ್ತಾಳ ಕಡೆಗೆ ತಿರುಗಿಸಿದಳು. "ಬೋಲಾ, ಮ್ಯಾಡಮ್."

ಮುಕ್ತಾ ತನಗೆ ಬರುವ ಮರಾಠಿಯಲ್ಲಿ ಎಲ್ಲ ಹೇಳಿದಳು. ಕ್ಲೇಮ್ ಸಿಗುವುದಿಲ್ಲ, ಅದು ಖಚಿತವಾಯಿತು. ಹಳೆಯದನ್ನು ರದ್ದು ಮಾಡಿ ಅವಳ ಹೆಸರಿಗೆ ಹೊಸತು ಬರೆಯಬಹುದು, ರಿಪೇರಿಯಾಗಿ ಬಂದ ಗಾಡಿಯನ್ನು ಒಮ್ಮೆ ತೋರಿಸಬೇಕು. "ಮೊದಲು ಎಷ್ಟು ವರ್ಷದಿಂದ ಕ್ಲೇಮ್ ಮಾಡಿಲ್ಲ?" ಎಂದು ಅಧಿಕಾರಿ ಕೇಳಿದಳು.

"ಕೊಂಡ ದಿನದಿಂದ ಇಲ್ಲ."

"ಅದಕ್ಕೊಂದು ಬೋನಸ್ ಇರ್ತದೆ, ಪ್ರೀಮಿಯಂನಲ್ಲಿ ರಿಯಾಯಿತಿ, ಗೊತ್ತಾ? ಅದು ಗಾಡಿಯದ್ದಲ್ಲ, ಬಿಡುವವರ ಒಳ್ಳೆಯತನದ್ದು. ನೀವು ಗಾಡಿ ಮಾರಿದರೂ ನಿಮ್ಮ ಜೊತೆ ಬರುವಂಥದ್ದು. ನಿಮ್ಮ ಹಳೆಯ ಪಾಲಿಸಿ ಮುಗಿದು ಮೂರು ತಿಂಗಳೊಳಗೆ ನಿಮ್ಮದೇ ಹೆಸರಲ್ಲಿ ಮುಂದುವರಿಸಿದ್ದರೆ ಉಳಿಯುತ್ತಿತ್ತು. ಈಗ ಹೋಯಿತು. ಸೊನ್ನೆಯಿಂದ ಶುರು."

ಕ್ಲೇಮ್ ಹೋದದ್ದಕ್ಕಿಂತ ಇದು ಮುಕ್ತಾಳನ್ನು ಹೆಚ್ಚು ಚುಚ್ಚಿತು. ಹೆಬ್ರಿಯ ತಿರುವುಗಳಲ್ಲಿ ಮಳೆಗೆ ಕಣ್ಣು ಕಿರಿದು ಮಾಡಿ ಬಿಟ್ಟದ್ದು, ಎದುರಿನ ಬಸ್ಸಿಗೆ ತಾನೇ ನಿಂತು ದಾರಿ ಕೊಟ್ಟದ್ದು, ಮಗಳು ಹೊಟ್ಟೆಯಲ್ಲಿದ್ದಾಗ ಒಂದೊಂದು ಹೊಂಡಕ್ಕೂ ಬ್ರೇಕ್ ಹಿಡಿದದ್ದು, ಇದೆಲ್ಲ ಎಲ್ಲೋ ಒಂದು ಕಡೆ ಅವಳ ಹೆಸರಿಗೆ ಜಮೆಯಾಗಿತ್ತು. ಇತ್ತು ಎಂದು ಅವಳಿಗೆ ತಿಳಿದದ್ದೇ ಅದು ಇಲ್ಲವಾದ ಮೇಲೆ. ಕಾಫಿ ಕುಡಿಯುತ್ತ ನಿಂತಿದ್ದ ಒಬ್ಬ ಮನುಷ್ಯ, ಅವಳನ್ನು ಕೇಳದೆ ಅದನ್ನು ಅಳಿಸಿಹಾಕಿದ್ದ. ಆ ಮನುಷ್ಯ ಈ ಹೊತ್ತಿಗೂ ಯಾವುದೋ ಗಲ್ಲಾದ ಪಕ್ಕ ಇನ್ಯಾರದ್ದೋ ಗಾಡಿಯ ಕಾಗದ ತೆಗೆದುಕೊಳ್ಳುತ್ತಿರಬಹುದು.

"ದೂರು ಕೊಡ್ಲಿಕ್ಕೆ ಆಗ್ತದಾ? ಏಜೆಂಟಿನ ಮೇಲೆ?"

ಅಧಿಕಾರಿ ಬಿಳಿ ಹಾಳೆಯೊಂದನ್ನು ಮುಂದೆ ಸರಿಸಿ, "ಆಗ್ತದೆ" ಎಂದಳು.

ಪುಂಡರೀಕಾಕ್ಷ ಕುರ್ಚಿಯಲ್ಲಿ ಅಲ್ಲಾಡಿದ. ರಾಯರು ಅವನ ಅಪ್ಪನ ಕಾಲದ ಮನುಷ್ಯ. ಊರವರು, ನಮ್ಮವರು. ಡೊಂಬಿವಲಿಯಲ್ಲಿ ಅಣ್ಣ ಏನೆಂದಾನು? ಅವನ ಮುಖದಲ್ಲಿ ಇದೆಲ್ಲ ಹಾದುಹೋಗುವುದನ್ನು ಮುಕ್ತಾ ನೋಡಿದಳು, ಕಾದಳು. ಅವನು ಬೇಡ ಎನ್ನಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟ.

ದೂರು ಬರೆದು ಮುಗಿಸಲು ಬಹಳ ಹೊತ್ತೇನೂ ಹಿಡಿಯಲಿಲ್ಲ, ಹೇಳಬೇಕಾದದ್ದು ಅಷ್ಟು ದಿನದಿಂದ ಬಾಯಲ್ಲೇ ಇತ್ತು. ಆಮೇಲೆ ಅಧಿಕಾರಿ ಹೊಸ ಪಾಲಿಸಿಗೆ ಬೇಕಾದದ್ದನ್ನು ಕಂಪ್ಯೂಟರಿನಲ್ಲಿ ತುಂಬಿಸತೊಡಗಿದಳು. ಮಾಲೀಕರು, ಮುಕ್ತಾ. ವಿಳಾಸ, ಐರೋಲಿ. ಗಾಡಿಯ ನಂಬರು. ಎಲ್ಲಕ್ಕೂ ಮುಕ್ತಾಳೇ ಉತ್ತರ ಹೇಳಿದಳು.

"ನಾಮಿನಿ? ನಿಮಗೇನಾದರೂ ಆದರೆ ಯಾರಿಗೆ?"

ಮುಕ್ತಾ ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಮೇಲಿನ ಯಾವುದೋ ಪೋಸ್ಟರ್ ಓದುತ್ತಿದ್ದ ಹಾಗೆ ಕೂತಿದ್ದ. ಅವಳಿಗೆ ಇನ್ನೂ ಸಿಟ್ಟಿತ್ತು. ಆ ಸಿಟ್ಟಿನಲ್ಲೇ, ಒಂದೊಂದು ಅಕ್ಷರ ಬಿಡಿಸಿ, "ಪುಂಡರೀಕಾಕ್ಷ. ಗಂಡ" ಎಂದಳು. ಅವನ ಹೆಸರಿಗೆ ಆ ಪಾಲಿಸಿಯಲ್ಲಿದ್ದ ಜಾಗ ಅದೊಂದೇ, ಅಲ್ಲಿ ಅದನ್ನು ಅವಳೇ ಕೂರಿಸಿದಳು.